ಎಯ್-ಹಾಲೆನ್: ಆಮ್‌ಸ್ಟರ್‌ಡ್ಯಾಮ್‌ನ ಹಳೆ ಸಾಮಾನಿನ ಸಂತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆಂದು ಹೊಸದಾಗಿ ಬಂದ ಕನ್ನಡಿಗರು, ಮಗನ ಮನೆಗೋ ಮಗಳ ಮನೆಗೋ ಮೂರು ತಿಂಗಳಿಗೆಂದು ಬಂದ ಹಿರಿಯರು, ಇಲ್ಲಿ ಓದುವ ಹುಡುಗ ಹುಡುಗಿಯರು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಈ ಸಂತೆಯೆಂದರೆ ನನಗೆ ತುಂಬ ಪ್ರೀತಿ, ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

## ಮೊದಲ ಸಲ ಹೋಗುವವರಿಗೆ

“ಎಯ್-ಹಾಲೆನ್ ಎಂದರೆ ಏನು? ಅದೂ ಒಂದು ಮಾಲ್ ಇದ್ದ ಹಾಗೆಯೇ?”

ಅಲ್ಲ. ಒಂದು ಕಾಲದಲ್ಲಿ ಹಡಗು ಕಟ್ಟುತ್ತಿದ್ದ ಕಾರ್ಖಾನೆಯ ಭಾರಿ ಶೆಡ್‌ಗಳಲ್ಲಿ ವಾರಾಂತ್ಯಕ್ಕೆ ನೆರೆಯುವ ಹಳೆ ಸಾಮಾನಿನ ಸಂತೆ ಅದು. ಎಯ್ ಎಂಬುದು ಆಮ್‌ಸ್ಟರ್‌ಡ್ಯಾಮ್ ನಗರದ ಉತ್ತರ ಭಾಗವನ್ನು ಉಳಿದ ಊರಿನಿಂದ ಬೇರೆ ಮಾಡುವ ನೀರಿನ ಹೆಸರು. 1876ರಲ್ಲಿ ಉತ್ತರ ಸಮುದ್ರ ಕಾಲುವೆ ತೆರೆದ ಮೇಲೆ ದೊಡ್ಡ ಹಡಗುಗಳು ಸಮುದ್ರದಿಂದ ನೇರವಾಗಿ ಈ ನೀರಿಗೆ ಬರತೊಡಗಿದವು. ದಡದಲ್ಲಿದ್ದ ಎನ್‌ಡಿಎಸ್‌ಎಂ ಹಡಗುಕಟ್ಟೆ 1946ರಲ್ಲಿ ಎರಡು ಕಂಪನಿಗಳು ಕೂಡಿ ಆದದ್ದು. ಅವುಗಳಲ್ಲಿ ಹಳೆಯದರ ಬೇರು 1894ಕ್ಕೆ ಹೋಗುತ್ತದೆ. ಜಪಾನ್, ಕೊರಿಯಾಗಳ ಪೈಪೋಟಿಯ ಮುಂದೆ ನಿಲ್ಲಲಾಗದೆ 1984ರಲ್ಲಿ ಹಡಗುಕಟ್ಟೆ ಬಾಗಿಲು ಹಾಕಿತು. ಬಿಕೋ ಎನ್ನುತ್ತಿದ್ದ ಶೆಡ್‌ಗಳಿಗೆ ಮೊದಲು ಕಲಾವಿದರು ಬಂದರು, ಆಮೇಲೆ ಸಂತೆಯೂ ಬಂತು.

ಒಳಗೆ ಕಾಲಿಟ್ಟಾಗ ಒಮ್ಮೆ ತಲೆ ಎತ್ತಿ ನೋಡಿ. ಹಡಗಿನ ತುಂಡುಗಳನ್ನು ಎತ್ತಿ ಸಾಗಿಸಲೆಂದು ಕಟ್ಟಿದ ಎತ್ತರದ ಛಾವಣಿ ಅದು. ಅದರ ಕೆಳಗೆ ಈಗ ಚಹಾ ಬಟ್ಟಲು, ಮಕ್ಕಳ ಬೂಟು, ಗೋಡೆ ಗಡಿಯಾರ ಮಾರಾಟವಾಗುತ್ತವೆ.

“ಪ್ರತಿ ಶನಿವಾರ, ಭಾನುವಾರ ಇರುತ್ತದೆಯೇ?”

ಇಲ್ಲ. ಹೆಚ್ಚು ಕಡಿಮೆ ತಿಂಗಳಿಗೊಂದು ವಾರಾಂತ್ಯ. ದಿನಾಂಕಗಳನ್ನು ಸಂಘಟಕರು ಮುಂಚೆಯೇ ಪ್ರಕಟಿಸುತ್ತಾರೆ, ನೋಡಿಕೊಂಡೇ ಹೊರಡಿ. ಚಳಿಗಾಲದಲ್ಲಿ ಶೆಡ್‌ಗಳ ಒಳಗೆ ಸುಮಾರು 500 ಮೇಜುಗಳು, ಬೇಸಿಗೆಯಲ್ಲಿ ಹೊರಗಿನ ಬಯಲಿನಲ್ಲಿ ಸುಮಾರು 750. ನನ್ನ ಮಟ್ಟಿಗೆ ಒಳಗಿನ ಸಂತೆಯೇ ಚೆಂದ. ಹೊರಗೆ ಮಳೆ ಹೊಯ್ಯುತ್ತಿರುವಾಗ ತಗಡಿನ ಕೆಳಗೆ ನೂರಾರು ಜನ ಹಳೆಯ ವಸ್ತುಗಳ ಮೇಲೆ ಬಾಗಿ ನಿಂತಿರುವ ನೋಟ ಬೇಸಿಗೆಯ ಬಯಲಿನಲ್ಲಿ ಸಿಗುವುದಿಲ್ಲ. ಪ್ರವೇಶಕ್ಕೆ ಕೆಲವು ಯೂರೊ ಶುಲ್ಕವಿದೆ.

“ಕಾರು ಇಲ್ಲ. ಹೋಗುವುದು ಹೇಗೆ?”

ಕಾರು ಇಲ್ಲದಿದ್ದರೆ ಒಳ್ಳೆಯದೇ ಆಯಿತು. ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು, ಊರಿನ ಕಡೆಯ ಬಾಗಿಲಿಗೆ ಹೋಗದೆ ಹಿಂದಿನ, ನೀರಿನ ಕಡೆಯ ಬಾಗಿಲಿಗೆ ಬನ್ನಿ. ಅಲ್ಲಿಂದ ಹಲವು ದೋಣಿಗಳು ಹೊರಡುತ್ತವೆ. ಎನ್‌ಡಿಎಸ್‌ಎಂ ಎಂದು ಬರೆದಿರುವುದನ್ನೇ ಹತ್ತಿ. ಟಿಕೆಟ್ ಇಲ್ಲ, ಸೈಕಲ್ಲಿಗೂ ಕಾಸು ಕೊಡಬೇಕಾಗಿಲ್ಲ. ಸುಮಾರು ಕಾಲು ಗಂಟೆಯ ಪಯಣ. ಅವಸರದಲ್ಲಿ ಪಕ್ಕದ ದೋಣಿ ಹತ್ತಿದವರು ಐದೇ ನಿಮಿಷದಲ್ಲಿ ಎದುರು ದಡದಲ್ಲಿ ಇಳಿದು, ಸಂತೆ ಎಲ್ಲಿ ಎಂದು ಹುಡುಕುತ್ತ ನಿಲ್ಲುತ್ತಾರೆ.

ವಾಪಸು ಬರುವಾಗ ಅದೇ ದೋಣಿಯಲ್ಲಿ ಜನರ ಕೈ ನೋಡಿ. ಒಬ್ಬರ ತೊಡೆಯ ಮೇಲೆ ದೀಪದ ಬುರುಡೆ, ಇನ್ನೊಬ್ಬರ ಬಗಲಲ್ಲಿ ಸುತ್ತಿದ ಕಂಬಳಿ. ಅಪರಿಚಿತರು “ಇದಕ್ಕೆ ಎಷ್ಟು ಕೊಟ್ಟಿರಿ?” ಎಂದು ಮಾತು ಶುರು ಮಾಡುವುದನ್ನು ಈ ಊರಿನಲ್ಲಿ ನಾನು ಕಂಡದ್ದು ಈ ದೋಣಿಯಲ್ಲಿ ಮಾತ್ರ.

“ವಾಟರ್‌ಲೋಪ್ಲೇನ್ ಸಂತೆಯೂ ಇದೇ ತರಹದ್ದಲ್ಲವೇ? ಅದು ಹತ್ತಿರ ಇದೆ.”

ವಾಟರ್‌ಲೋಪ್ಲೇನ್ ಬಯಲು ಸಂತೆ, ವಾರವೆಲ್ಲ ನಡೆಯುತ್ತದೆ, ಭಾನುವಾರ ಮಾತ್ರ ರಜೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಯಹೂದಿ ವ್ಯಾಪಾರಿಗಳ ಸಂತೆಯಾಗಿ ಬೆಳೆದ ಜಾಗವದು, ಅದರ ಚರಿತ್ರೆ ದೊಡ್ಡದು. ಇಂದು ಅಲ್ಲಿ ನಿತ್ಯದ ವ್ಯಾಪಾರಿಗಳು ಹೆಚ್ಚು, ಹೊಸ ಸರಕೂ ಸೇರಿಕೊಂಡಿದೆ. ಎಯ್-ಹಾಲೆನ್‌ನಲ್ಲಿ ಮೇಜಿನ ಹಿಂದೆ ನಿಂತವರಲ್ಲಿ ಬಹಳ ಮಂದಿ ತಮ್ಮದೇ ಮನೆಯ ಅಟ್ಟ ಖಾಲಿ ಮಾಡಲು ಬಂದವರು. ವ್ಯತ್ಯಾಸ ಬೆಲೆಯಲ್ಲೂ ಮಾತಿನಲ್ಲೂ ತಿಳಿಯುತ್ತದೆ.

“ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದೇ?”

ಖಂಡಿತ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಸುತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಎರಡು ಎಚ್ಚರ. ಶೆಡ್‌ಗಳನ್ನು ಬೆಚ್ಚಗೆ ಇಡುವ ವ್ಯವಸ್ಥೆ ಇಲ್ಲ, ಕಾಂಕ್ರೀಟು ನೆಲದ ತಣ್ಣಗಿನ ಗಾಳಿ ಕಾಲಿನಿಂದ ಏರುತ್ತದೆ. ಅಮ್ಮನಿಗೆ ಚಪ್ಪಲಿ ಬೇಡ, ದಪ್ಪ ಕಾಲುಚೀಲದ ಜೊತೆ ಬೂಟು ಹಾಕಿಸಿ. ಎರಡನೆಯದು ಊಟ. ತಿಂಡಿಯ ಗಾಡಿಗಳಿರುತ್ತವೆ, ಆದರೆ ಈ ದೇಶದಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುವವರೂ ಇದ್ದಾರೆ, ಪಾಫರ್ಚಸ್ ಎಂಬ ಪುಟ್ಟ ಸಿಹಿ ದೋಸೆಗೆ ಮೊಟ್ಟೆ ಬೀಳುತ್ತದೆ. ಶುದ್ಧ ಸಸ್ಯಾಹಾರಿಗಳಾದರೆ ಕೇಳಿ ತಿನ್ನಿ, ಇಲ್ಲವೇ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ ನೀರಿನ ದಡದಲ್ಲಿ ಕುಳಿತು ತಿನ್ನಿ.

“ಬೆಳಿಗ್ಗೆ ಬೇಗ ಹೋದರೆ ಲಾಭವೋ, ಸಂಜೆ ಹೋದರೆ ಲಾಭವೋ?”

ಒಳ್ಳೆಯ ವಸ್ತು ಬೇಕಾದರೆ ಶನಿವಾರ ಬೆಳಿಗ್ಗೆ, ಅಗ್ಗದ ಬೆಲೆ ಬೇಕಾದರೆ ಭಾನುವಾರ ಮಧ್ಯಾಹ್ನ ಮೂರರ ಮೇಲೆ. ಉಳಿದದ್ದನ್ನು ಮತ್ತೆ ಮನೆಗೆ ಹೊರುವ ಚಿಂತೆ ಆ ಹೊತ್ತಿಗೆ ಮಾರುವವರ ಮುಖದ ಮೇಲೆ ಕಾಣುತ್ತದೆ.

## ಕೊಳ್ಳುವವರಿಗೆ

“ಇದೆಲ್ಲ ಸತ್ತವರ ಮನೆಯ ಸಾಮಾನಲ್ಲವೇ? ಮನೆಗೆ ತರುವುದು ಸರಿಯೇ?”

ಹಿರಿಯರು ತಪ್ಪದೆ ಕೇಳುವ ಪ್ರಶ್ನೆ, ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೌದು, ಸ್ವಲ್ಪ ಭಾಗ ಹಾಗೆ ಬಂದದ್ದೇ. ಇಲ್ಲಿ ಬಹಳ ಜನ ಇರುವುದು ಬಾಡಿಗೆ ಮನೆಗಳಲ್ಲಿ. ಒಂಟಿಯಾಗಿದ್ದ ಬಾಡಿಗೆದಾರರು ತೀರಿಕೊಂಡರೆ, ಕಾನೂನಿನ ಪ್ರಕಾರ ಎರಡನೆಯ ತಿಂಗಳ ಕೊನೆಗೆ ಬಾಡಿಗೆ ಕರಾರು ಮುಗಿಯುತ್ತದೆ. ಅಷ್ಟರಲ್ಲಿ ಮಕ್ಕಳು ಇಡೀ ಮನೆಯನ್ನು ಖಾಲಿ ಮಾಡಬೇಕು. ಅವರ ಮನೆಗಳೂ ಸಣ್ಣವು, ಮೆಟ್ಟಿಲು ಕಡಿದು. ನಮ್ಮ ಊರಿನಂತೆ ಅಜ್ಜಿಯ ಪೆಟ್ಟಿಗೆಯನ್ನು ಹಿತ್ತಲ ಕೋಣೆಯಲ್ಲಿ ಐವತ್ತು ವರ್ಷ ಇಡಲು ಜಾಗವಿಲ್ಲ.

ನಾನು ಒಮ್ಮೆ ಹೂವಿನ ಅಂಚಿನ ಆರು ತಟ್ಟೆಗಳನ್ನು ಕೊಂಡೆ. ಮಾರುತ್ತಿದ್ದ ಹೆಂಗಸು ಪ್ರತಿ ತಟ್ಟೆಯನ್ನೂ ಪತ್ರಿಕೆಯಲ್ಲಿ ಸುತ್ತುತ್ತ, ಇವನ್ನು ಅಮ್ಮ ಭಾನುವಾರ ಮಾತ್ರ ಹೊರತೆಗೆಯುತ್ತಿದ್ದರು ಎಂದಳು. ನೀವು ಯಾವ ದಿನ ಬಳಸುತ್ತೀರಿ ಎಂದೂ ಕೇಳಿದಳು. ಹಬ್ಬದ ದಿನ ಎಂದೆ. ಅವಳು ಸುಮ್ಮನೆ ತಲೆಯಾಡಿಸಿ, ಹೇಳಿದ್ದಕ್ಕಿಂತ ಎರಡು ಯೂರೊ ಕಡಿಮೆ ತೆಗೆದುಕೊಂಡಳು. ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟು ಬಡಿಸುವುದು ಆ ತಟ್ಟೆಗಳಲ್ಲೇ. ಮನಸ್ಸು ಒಪ್ಪದವರಿಗೆ ಒತ್ತಾಯವಿಲ್ಲ. ಹಾಸಿಗೆ, ದಿಂಬು ಬಿಡಿ, ಗಾಜು, ಪಿಂಗಾಣಿ, ಲೋಹ ತನ್ನಿ, ತೊಳೆದು ಅರಿಸಿನ ಕುಂಕುಮ ಹಚ್ಚಿ ಬಳಸಿ. ನಮ್ಮ ಅತ್ತೆ ಹಾಗೆಯೇ ಮಾಡಿದರು.

“ಯಾರೋ ತೊಟ್ಟು ಬಿಟ್ಟ ಬಟ್ಟೆ ಹಾಕಿಕೊಳ್ಳಲು ಮುಜುಗರ. ನೀವು ಹಾಕಿಕೊಳ್ಳುತ್ತೀರಾ?”

ಕೋಟು, ಉಣ್ಣೆಯ ಅಂಗಿ, ಮಕ್ಕಳ ಮಳೆಯಂಗಿ, ಇವನ್ನು ಧಾರಾಳವಾಗಿ. ಮಕ್ಕಳ ಹಿಮದ ಬೂಟು ಒಂದು ಚಳಿಗಾಲಕ್ಕೆ ಚಿಕ್ಕದಾಗುತ್ತದೆ, ಸವೆದಿರುವುದೇ ಇಲ್ಲ. ನಮ್ಮಲ್ಲೂ ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುತ್ತಿತ್ತು, ಅದರಲ್ಲಿ ಮುಜುಗರವೇನೂ ಇರಲಿಲ್ಲ. ಉಣ್ಣೆಯ ಬಟ್ಟೆಯಲ್ಲಿ ಸಣ್ಣ ತೂತುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನುಸಿ ಹಿಡಿದದ್ದು ಮನೆಯ ಉಳಿದ ಬಟ್ಟೆಗೂ ಹರಡುತ್ತದೆ. ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆಯಿರಿ.

“ಚೌಕಾಸಿ ಮಾಡಿದರೆ ಬೇಸರ ಮಾಡಿಕೊಳ್ಳುತ್ತಾರೆಯೇ? ಎಷ್ಟು ಕಡಿಮೆ ಕೇಳಬೇಕು?”

ಚೌಕಾಸಿ ಇಲ್ಲಿ ಸಹಜ, ಆದರೆ ಅದರ ತಾಳ ಬೇರೆ. ಚಿಕ್ಕಪೇಟೆಯಲ್ಲಿ ಸಾವಿರ ಎಂದರೆ ಮುನ್ನೂರರಿಂದ ಶುರು ಮಾಡುತ್ತೇವೆ, ಬೇಡವೆಂದು ನಾಲ್ಕು ಹೆಜ್ಜೆ ನಡೆದು ಹಿಂದಿರುಗುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಮಾತೇ ಮುರಿದು ಬೀಳುತ್ತದೆ. ಡಚ್ ಜನ ಮೊದಲಿಗೇ ಹೆಚ್ಚುಕಡಿಮೆ ನಿಜವಾದ ಬೆಲೆ ಹೇಳುತ್ತಾರೆ. ಹತ್ತು ಎಂದರೆ ಏಳೋ ಎಂಟೋ ಕೇಳಿ, ಒಂದೇ ಸಲ ಕೇಳಿ. ಒಬ್ಬರ ಬಳಿಯೇ ಮೂರು ವಸ್ತು ಆರಿಸಿ ಒಟ್ಟಿಗೆ ಬೆಲೆ ಕಟ್ಟಿಸಿದರೆ ತಾವಾಗಿಯೇ ಇಳಿಸುತ್ತಾರೆ.

ಎರಡು ಮಾತು ಕಲಿತುಕೊಳ್ಳಿ. “ವಾಟ್ ಕೊಸ್ಟ್ ಡಿಟ್?” ಎಂದರೆ ಇದಕ್ಕೆಷ್ಟು. “ಮಖ್ ಎಟ್ ಫೋರ್ ಫೇಯ್ಫ್?” ಎಂದರೆ ಐದಕ್ಕೆ ಆಗಬಹುದೇ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ ನಿಜ. ಆದರೂ ತೊದಲುತ್ತ ಡಚ್ ಆಡಿದವರಿಗೆ ವಸ್ತುವಿನ ಜೊತೆ ಅದರ ಕಥೆಯೂ ಸಿಗುತ್ತದೆ. ಯಾವ ಅಂಗಡಿಯಲ್ಲಿ ಕೊಂಡದ್ದು, ಯಾರ ಮದುವೆಗೆ ಬಂದದ್ದು, ಏಕೆ ಮಾರುತ್ತಿದ್ದಾರೆ, ಎಲ್ಲವನ್ನೂ ಹೇಳುತ್ತಾರೆ. ಆರು ತಿಂಗಳು ಪಕ್ಕದ ಮನೆಯವರೊಂದಿಗೆ ನಮಸ್ಕಾರ ದಾಟದ ಹೊಸಬರು ಇಲ್ಲಿ ಒಂದು ಬೆಳಿಗ್ಗೆಯಲ್ಲಿ ಹತ್ತು ಮನೆಗಳ ಒಳಗನ್ನು ಕಂಡುಬರುತ್ತಾರೆ. ನಾನು ಜನರನ್ನು ಈ ಸಂತೆಗೆ ಕಳಿಸುವುದು ಮುಖ್ಯವಾಗಿ ಅದಕ್ಕಾಗಿ.

“ಕಾರ್ಡ್ ನಡೆಯುತ್ತದೆಯೇ, ನಗದು ಬೇಕೇ?”

ನಗದು ಒಯ್ಯಿರಿ, ಐದು ಹತ್ತರ ನೋಟು ಮತ್ತು ಚಿಲ್ಲರೆ. ಬಹಳ ಜನ ‘ಟಿಕ್ಕಿ’ ಎಂಬ ಆ್ಯಪಿನ ಕೊಂಡಿ ಕಳಿಸಿ ಹಣ ಪಡೆಯುತ್ತಾರೆ. ಅದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ಬೇಕಾದ್ದರಿಂದ ಊರಿನಿಂದ ಬಂದವರಿಗೆ ಉಪಯೋಗವಿಲ್ಲ. ಐವತ್ತರ ನೋಟನ್ನು ಬೋಣಿಯ ಹೊತ್ತಿಗೆ ಚಾಚಬೇಡಿ, ಮುರಿಸಲು ಅವರ ಬಳಿ ಇರುವುದಿಲ್ಲ.

“ನಮ್ಮ ಅಡುಗೆಮನೆಗೆ ಆಗುವಂಥದ್ದು ಏನಾದರೂ ಸಿಗುತ್ತದೆಯೇ?”

ಸಿಗುತ್ತದೆ, ಬೇಕಾದಷ್ಟು. ಮೊದಲು ಎನಾಮಲ್ ಪಾತ್ರೆಗಳು. ಕಂಪೆನ್ ಊರಿನ ಬಿಕೆ ಸಂಸ್ಥೆ 1851ರಿಂದ ಇದೆ, ಅದರ ಪಾತ್ರೆ ಇಲ್ಲಿನ ಹಳೆಯ ಅಡುಗೆಮನೆಗಳಲ್ಲೆಲ್ಲ ಕಾಣುತ್ತದೆ. ಹುಣಸೆಹಣ್ಣಿನ ಹುಳಿ ಎನಾಮಲನ್ನು ಕಾಡುವುದಿಲ್ಲ, ಆದ್ದರಿಂದ ಸಾರು, ಗೊಜ್ಜಿಗೆ ಬಹಳ ಒಳ್ಳೆಯದು. ಒಳಗೆ ಉಕ್ಕು ಇರುವುದರಿಂದ ಇಂಡಕ್ಷನ್ ಒಲೆಗೂ ಆಗುತ್ತದೆ, ತಳ ಮಾತ್ರ ಚಪ್ಪಟೆಯಾಗಿರಲಿ. ಒಳಮೈಯ ಎನಾಮಲ್ ಚಕ್ಕೆ ಎದ್ದಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ಎರಡನೆಯದು ತಾಮ್ರದ ಪಾತ್ರೆಗಳು. ಗೋಡೆಗೆ ತೂಗುಹಾಕಲೆಂದು ಅವರು ಮಾರುತ್ತಾರೆ, ನಾವು ಅಡುಗೆ ಮಾಡಲು ಕೊಳ್ಳುತ್ತೇವೆ. ಒಳಗಿನ ತವರ ಸವೆದು ಕೆಂಪು ಕಾಣುತ್ತಿದ್ದರೆ ಹುಳಿ ಪದಾರ್ಥ ಹಾಕಲೇಬೇಡಿ. ಊರಿಗೆ ಹೋಗುವಾಗ ಒಯ್ದು ಕಲಾಯಿ ಹಾಕಿಸಿಕೊಂಡು ಬಂದವರನ್ನು ನಾನು ಬಲ್ಲೆ.

ಮೂರನೆಯದನ್ನು ಕಂಡಾಗ ನನಗೆ ಮೊದಲ ಸಲ ಕಣ್ಣು ತುಂಬಿತ್ತು: ಕಪ್ಪು ಕಲ್ಲಿನ ಅಗಲ ಬಟ್ಟಲು, ಜೊತೆಗೊಂದು ಬಾಗಿದ ಗುಂಡು. ನಮ್ಮ ಒರಳಿನ ಇಂಡೋನೇಷ್ಯಾದ ಬಂಧು ಎನ್ನಬಹುದು. ಅವರು ಅದನ್ನು ಚೋಬೆಕ್ ಎನ್ನುತ್ತಾರೆ. ಇಂಡೋನೇಷ್ಯಾದ ಸ್ವಾತಂತ್ರ್ಯವನ್ನು ಡಚ್ಚರು 1949ರಲ್ಲಿ ಒಪ್ಪಿಕೊಂಡ ಆಸುಪಾಸಿನ ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಅಲ್ಲಿಂದ ಈ ದೇಶಕ್ಕೆ ಬಂದರು, ಅವರ ಅಡುಗೆಯೂ ಬಂತು. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದ ಕಲೆ ಇನ್ನೂ ಉಳಿದಿರುವ ಆ ಕಲ್ಲಿನಲ್ಲಿ ಚಟ್ನಿ ಅರೆದು ನೋಡಿ.

“ಅಲ್ಲಿ ಅಗ್ಗದ ಸೈಕಲ್ ಕಂಡೆ. ಕೊಳ್ಳಲೇ?”

ಕೊಳ್ಳುವ ಮುನ್ನ ಫ್ರೇಮಿನ ಮೇಲೆ ಕೊರೆದ ಸಂಖ್ಯೆ ಹುಡುಕಿ, ಪೊಲೀಸರ ‘ಸ್ಟಾಪ್ ಹೇಲಿಂಗ್’ ತಾಣದಲ್ಲಿ ಕಳುವಿನ ದೂರು ಇದೆಯೇ ಎಂದು ಅಲ್ಲೇ ನಿಂತು ನೋಡಿ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಮಾತು ಮುಂದುವರಿಸಬೇಡಿ. ಕದ್ದದ್ದೆಂದು ಅನುಮಾನ ಬರಬೇಕಾದ ಬೆಲೆಗೆ ಕೊಂಡರೆ, ಗೊತ್ತಿರಲಿಲ್ಲ ಎಂಬ ಮಾತು ಇಲ್ಲಿನ ಕಾನೂನಿನ ಮುಂದೆ ನಿಲ್ಲದಿರಬಹುದು.

## ಕಣ್ಣು ಪಳಗಿದವರಿಗೆ

“ನೀಲಿ ಬಿಳಿ ಡೆಲ್ಫ್ಟ್ ಪಿಂಗಾಣಿ ಎಲ್ಲ ಮೇಜಿನ ಮೇಲೂ ಇದೆ. ಅಸಲಿ ಯಾವುದು?”

ಡೆಲ್ಫ್ಟ್ ಊರಿನಲ್ಲಿ ಕುಂಚದಿಂದ ಬರೆದದ್ದು ಅಸಲಿ. ಮೇಜಿನ ಮೇಲೆ ಕಾಣುವುದರಲ್ಲಿ ಬಹುಪಾಲು ಅಚ್ಚಿನ ಕೆಲಸ. ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಚಿತ್ರ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಮುದ್ರಿತ. ಕುಂಚದ ಗೆರೆಯಾದರೆ ಒಂದೆಡೆ ನೀಲಿ ಗಾಢ, ಇನ್ನೊಂದೆಡೆ ತೆಳು, ಎಲೆಗೂ ಎಲೆಗೂ ವ್ಯತ್ಯಾಸ ಇರುತ್ತದೆ. ಆಮೇಲೆ ಅಡಿಯನ್ನು ತಿರುಗಿಸಿ. 1653ರಲ್ಲಿ ಶುರುವಾಗಿ ಇಂದಿಗೂ ಇರುವ ಪೋರ್ಸ್‌ಲೇನ ಫ್ಲೆಸ್ ಕಾರ್ಖಾನೆಯ ಗುರುತು ಒಂದು ಪುಟ್ಟ ಹೂಜಿ, ಅದರ ಕೆಳಗೆ ಹೆಣೆದ ಅಕ್ಷರಗಳು ಮತ್ತು ಡೆಲ್ಫ್ಟ್ ಎಂಬ ಪದ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಸವಿ ಸೂಚಿಸುವ ಅಕ್ಷರವೂ ಇರುತ್ತದೆ. “ಡೆಲ್ಫ್ಟ್ಸ್” ಎಂದು ದೊಡ್ಡದಾಗಿ ಬರೆದು ಬೋಖ್ ಎಂಬ ಹೆಸರಿದ್ದರೆ ಅದು ಬೆಲ್ಜಿಯಂ ಮನೆತನದ ಮುದ್ರಿತ ಸರಕು. ನೋಡಲು ಚೆಂದವಿದ್ದರೆ ಅದನ್ನೂ ಕೊಳ್ಳಿ, ಅಸಲಿಯ ಬೆಲೆ ಮಾತ್ರ ಕೊಡಬೇಡಿ.

“ಹಳೆ ಪುಸ್ತಕದೊಳಗೆ ಗಿಲ್ಡರ್ ನೋಟು ಸಿಕ್ಕಿತು. ಬೆಲೆ ಇದೆಯೇ?”

ಇದೆ. ಯೂರೊಗೆ ಮುಂಚೆ ಇಲ್ಲಿದ್ದ ಗಿಲ್ಡರ್ ಹಣದ ಚಲಾವಣೆ 2002ರಲ್ಲಿ ನಿಂತಿತು. ನಾಣ್ಯಗಳ ಬದಲಾವಣೆ ಎಂದೋ ಮುಗಿದಿದೆ, ಆದರೆ ಕೊನೆಯ ಕಾಲದ ನೋಟುಗಳನ್ನು ಡಚ್ ಕೇಂದ್ರ ಬ್ಯಾಂಕು 2032ರ ಜನವರಿ 1ರವರೆಗೆ ಯೂರೊಗೆ ಬದಲಿಸಿಕೊಡುತ್ತದೆ. ಪುಸ್ತಕ ಕೊಟ್ಟವರು ಇನ್ನೂ ಮೇಜಿನ ಹಿಂದೆಯೇ ಇದ್ದರೆ ನೋಟನ್ನು ಅವರಿಗೆ ತೋರಿಸಿ. ನನ್ನ ಅಭಿಪ್ರಾಯ ಇಷ್ಟೇ: ನೀವು ಕೊಂಡದ್ದು ಪುಸ್ತಕವನ್ನು.

“ಮೇಜಿನ ಮೇಲೆ ನಮ್ಮ ಗಣಪತಿ ವಿಗ್ರಹ ಇತ್ತು. ಹಾಗೆಯೇ ಬಿಟ್ಟುಬರಲು ಮನಸ್ಸಾಗಲಿಲ್ಲ. ಕೊಂಡದ್ದು ತಪ್ಪೇ?”

ಹಿತ್ತಾಳೆಯ ವಿಗ್ರಹಗಳು ಅಲ್ಲಿಗೆ ಎರಡು ದಾರಿಯಿಂದ ಬಂದಿರುತ್ತವೆ. ಒಂದು, ಭಾರತ ಸುತ್ತಿ ಬಂದ ಪ್ರವಾಸಿಗರ ನೆನಪಿನ ಸಾಮಾನು. ಇನ್ನೊಂದು, ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದ ಹಿಂದೂಸ್ತಾನಿ ಕುಟುಂಬಗಳು. ಕಬ್ಬಿನ ತೋಟಗಳ ಕೂಲಿಗೆಂದು ಕಲ್ಕತ್ತದಿಂದ ಜನರನ್ನು ಹೊತ್ತ ಮೊದಲ ಹಡಗು ಲಾಲ್ಲಾ ರೂಖ್ 1873ರ ಜೂನ್ 5ರಂದು ಸುರಿನಾಮ್ ತಲುಪಿತು. ಅವರ ಮೊಮ್ಮಕ್ಕಳು, ಮರಿಮಕ್ಕಳು 1975ರ ಸ್ವಾತಂತ್ರ್ಯದ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದರು. ತಂಬಿಗೆ, ಆರತಿ ತಟ್ಟೆ, ಭಜನೆಯ ಕ್ಯಾಸೆಟ್ಟು ಅವರ ಮೇಜುಗಳಲ್ಲಿ ಸಿಗುತ್ತವೆ. ಮಾತನಾಡಿಸಿ, ನಿಮ್ಮ ಹಿಂದಿ ಅವರ ಭೋಜಪುರಿ ಬೆರೆತ ಮಾತಿಗೆ ತಾಗುತ್ತದೆ.

ಇಂಥ ಇತ್ತೀಚಿನ ಹಿತ್ತಾಳೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸವೆದ ಕಲ್ಲಿನ ಶಿಲ್ಪ, ಪೀಠದಿಂದ ಕಿತ್ತ ಗುರುತಿರುವ ಕಂಚು ಕಂಡರೆ ಕೈ ಹಿಂದೆ ತೆಗೆಯಿರಿ. ನೂರು ವರ್ಷ ಮೀರಿದ ಶಿಲ್ಪಗಳು ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಸರ್ಕಾರದ ಒಪ್ಪಿಗೆಯಿಲ್ಲದೆ ಅವು ದೇಶದಾಚೆ ಹೋಗುವಂತಿಲ್ಲ. ಕಾಗದಪತ್ರವಿಲ್ಲದ ಅಂಥ ವಸ್ತುವನ್ನು ಭಕ್ತಿಯಿಂದಲೇ ಕೊಂಡರೂ ಕಳ್ಳರ ಸರಕಿಗೆ ಗಿರಾಕಿ ಸಿಕ್ಕಂತಾಗುತ್ತದೆ. ದಂತದ ಕೆತ್ತನೆಗೂ ಇದೇ ಮಾತು, ವಿಮಾನ ನಿಲ್ದಾಣದಲ್ಲಿ ಅದು ದೊಡ್ಡ ತೊಂದರೆಗೆ ದಾರಿ.

“ಹಳೆಯ ಫಿಲಿಪ್ಸ್ ವಾಲ್ವ್ ರೇಡಿಯೋ ಊರಿಗೆ ಒಯ್ದರೆ ಕೆಲಸ ಮಾಡುತ್ತದೆಯೇ?”

ವಿದ್ಯುತ್ತು ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್, ಆದ್ದರಿಂದ ಪರಿವರ್ತಕ ಬೇಡ, ಪ್ಲಗ್ ಬದಲಿಸಿದರೆ ಸಾಕು. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಗುಂಡಿ ಇದ್ದರೆ ಅದು 220ರಲ್ಲಿದೆಯೇ ನೋಡಿಕೊಳ್ಳಿ. ಆದರೆ ದಶಕಗಳ ಕಾಲ ಮಲಗಿದ್ದ ರೇಡಿಯೋವನ್ನು ನೇರವಾಗಿ ಹಚ್ಚಬೇಡಿ. ಒಳಗಿನ ಕೆಪಾಸಿಟರುಗಳು ಹಾಳಾಗಿರುತ್ತವೆ, ಸುಟ್ಟು ಹೋಗಬಹುದು. ತಿಳಿದವರ ಕೈಯಲ್ಲಿ ಬದಲಿಸಿಕೊಂಡು ಆಮೇಲೆ ಹಚ್ಚಿ. ನಮ್ಮ ಅಜ್ಜನ ಮನೆಯಲ್ಲಿ ವಾರ್ತೆ ಕೇಳುತ್ತಿದ್ದ ಪೆಟ್ಟಿಗೆಯಂಥದ್ದೇ ಒಂದು, ಮುಖದ ಗಾಜಿನ ಮೇಲೆ ಇಲ್ಲಿನ ಬಾನುಲಿ ಕೇಂದ್ರಗಳ ಊರಾದ ಹಿಲ್ವರ್ಸಮ್ ಹೆಸರು ಬರೆದದ್ದು, ಈಗ ನನ್ನ ಕಪಾಟಿನ ಮೇಲಿದೆ.

“ಮನೆ ಬದಲಿಸುತ್ತಿದ್ದೇವೆ. ನಾವೂ ಮೇಜು ಹಾಕಿ ಮಾರಬಹುದೇ?”

ಹಾಕಬಹುದು. ಮೇಜನ್ನು ಮುಂಚೆಯೇ ಕಾಯ್ದಿರಿಸಬೇಕು, ಒಳ್ಳೆಯ ದಿನಾಂಕಗಳು ಬೇಗ ತುಂಬುತ್ತವೆ. ಬಳಸಿದ ವಸ್ತುಗಳನ್ನೇ ತನ್ನಿ. ಬೆಲೆಚೀಟಿ ಅಂಟಿಸಿ, ಏಕೆಂದರೆ ಇಲ್ಲಿಯ ಜನ ಬೆಲೆ ಕೇಳಲು ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಬಟ್ಟೆಯನ್ನು ರಾಶಿ ಹಾಕದೆ ತೂಗುಹಾಕಿ. ಸಂಜೆ ಉಳಿದದ್ದನ್ನೆಲ್ಲ ವಾಪಸು ಒಯ್ಯುವುದು ನಿಮ್ಮ ಹೊಣೆ, ಆದ್ದರಿಂದ ದೊಡ್ಡ ಕಪಾಟು ತರುವ ಮೊದಲು ಯೋಚಿಸಿ.

ನಾವು ಮೇಜು ಹಾಕಿದ ದಿನ ನಾಲ್ಕು ರೇಷ್ಮೆ ಸೀರೆಗಳನ್ನೂ ಇಟ್ಟಿದ್ದೆವು. ಉಡುವವರು ಯಾರೂ ಬರಲಿಲ್ಲ. ಕಿಟಕಿಯ ಪರದೆಗೆಂದು ಒಬ್ಬಳು, ಅಂಗಿ ಹೊಲಿಯಲೆಂದು ಇನ್ನೊಬ್ಬಳು ಕೊಂಡರು. ಸೆರಗು ಯಾವುದು, ಒಡಲು ಯಾವುದು ಎಂದು ಬಿಡಿಸಿ ತೋರಿಸಿದೆ. ಮನೆಯ ಹಳೆ ಸಾಮಾನನ್ನು ಎಂದೋ ಒಮ್ಮೆ ಮಾರುವುದು ವ್ಯಾಪಾರವಾಗುವುದಿಲ್ಲ. ಮಾರಲೆಂದೇ ಕೊಳ್ಳತೊಡಗಿದರೆ ಮಾತ್ರ ನೋಂದಣಿ, ತೆರಿಗೆಯ ಪ್ರಶ್ನೆ ಏಳುತ್ತದೆ. ಮೊದಲ ಅನುಭವಕ್ಕೆ ಏಪ್ರಿಲ್ 27ರ ರಾಜನ ಹುಟ್ಟುಹಬ್ಬ ಇನ್ನೂ ಸುಲಭ. ಅಂದು ಊರಿನ ಬೀದಿಗಳಲ್ಲಿ ಯಾರು ಬೇಕಾದರೂ ಕಂಬಳಿ ಹಾಸಿ ಮಾರಬಹುದು, ಮಕ್ಕಳು ತಮ್ಮ ಆಟಿಕೆ ಹರಡಿಕೊಂಡು ಕುಳಿತಿರುತ್ತಾರೆ.

“ಐದು ಯೂರೊಗೆ ಕೊಂಡ ಪೆಟ್ಟಿಗೆಯ ತಳದಲ್ಲಿ ಯಾರದೋ ಕುಟುಂಬದ ಫೋಟೊ ಆಲ್ಬಮ್ ಇತ್ತು. ಏನು ಮಾಡಲಿ?”

ಎಸೆಯಬೇಡಿ. ಸಂತೆ ಇನ್ನೂ ನಡೆಯುತ್ತಿದ್ದರೆ ಅದೇ ಮೇಜಿಗೆ ಹಿಂದಿರುಗಿ. ಅವಸರದಲ್ಲಿ ಮನೆ ಖಾಲಿ ಮಾಡಿದ ಮಕ್ಕಳಿಗೆ ಪೆಟ್ಟಿಗೆಯಲ್ಲಿ ಏನಿತ್ತೆಂದೇ ಗೊತ್ತಿರುವುದಿಲ್ಲ. ಮಾರಿದವರು ಸಿಗದಿದ್ದರೆ ಚಿತ್ರಗಳನ್ನು ಅಂಟಿನಿಂದ ಕೀಳಲು ಹೋಗದೆ, ಪುಟಗಳ ನಡುವೆ ಬರೆದಿರುವ ಹೆಸರು, ಊರು, ಇಸವಿಗಳನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳಿ. ಆಮ್‌ಸ್ಟರ್‌ಡ್ಯಾಮ್‌ನ ಬೀದಿ, ಅಂಗಡಿ, ಬಂದರಿನ ಚಿತ್ರಗಳಿದ್ದರೆ ಫೇಯ್ಜಲ್‌ಸ್ಟ್ರಾಟ್ ಬೀದಿಯಲ್ಲಿರುವ ನಗರ ಪತ್ರಾಗಾರದಲ್ಲಿ ವಿಚಾರಿಸಿ. ನನಗೆ ಹೀಗೆ ಸಿಕ್ಕ ಒಂದು ಆಲ್ಬಮ್ಮಿನಲ್ಲಿ ಹಡಗುಕಟ್ಟೆಯ ಗೇಟಿನ ಮುಂದೆ ಸೈಕಲ್ ಹಿಡಿದು ನಿಂತ ಕೆಲಸಗಾರರ ಚಿತ್ರವೊಂದಿತ್ತು. ಮುಂದಿನ ಸಂತೆಗೆ ಅದನ್ನು ಒಯ್ದು ಅದೇ ಸಾಲಿನ ಮೇಜುಗಳವರಿಗೆ ತೋರಿಸಿದೆ. ಮೂರನೆಯ ಮೇಜಿನ ಮುದುಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಎಡಗಡೆಯಿಂದ ನಾಲ್ಕನೆಯವನು ತನ್ನ ಸೋದರಮಾವ ಎಂದರು. ಆಲ್ಬಮ್ ಈಗ ಅವರ ಬಳಿ ಇದೆ.